ಎರಡನೇ ಭಾನುವಾರದ ಮಾತು

ತೂಬಗೆರೆ
17 ನವೆಂಬರ್ 2014, ಸೋಮವಾರ

ಪ್ರೀತಿಯ ಅಕ್ಷತಾ,

ಹೇಗಿದ್ದೀಯ ಮಗಳೇ? ಚಳಿ ಶುರುವಾದರೆ ನಿನಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು, ಈ ಸಲ ಹೇಗಿದೆಯೋ. ನಿಮ್ಮ ಅಮ್ಮನ ಮಂಡಿನೋವು ಕಡಿಮೆಯಾಯಿತೇ? ನೀನು ಸಮೇತನಹಳ್ಳಿಯ ತವರಿಗೆ ಹೋಗಿ ವರ್ಷ ದಾಟಿತು. ಇಷ್ಟು ದಿನ ಕ್ಷೇಮ ಕೇಳದ ಅತ್ತೆ ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಅನ್ನಿಸಬಹುದು. ಫೋನ್ ಹಿಡಿದರೆ ನನ್ನ ಬಾಯಿ ಕಟ್ಟುತ್ತದೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಮಾವ ಆರೋಗ್ಯವಾಗಿದ್ದಾರೆ. ದ್ರಾಕ್ಷಿಗೆ ಈ ಸಲ ರೋಗ ಬಂದಿಲ್ಲ. ಸಂಜೆ ಹೊತ್ತು ಅವರೊಬ್ಬರೇ ಮಾಳಿಗೆಯ ಮೇಲೆ ಹೋಗಿ ಕೂರುತ್ತಾರೆ. ನೀನು ಮದುವೆಯಾಗಿ ಬಂದ ವರ್ಷ ನಾವು ನಾಲ್ವರೂ ಅಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆವು, ನೆನಪಿದೆಯೇ? ದೇವೇಂದ್ರ ಏರ್‌ಪೋರ್ಟಿನಲ್ಲಿ ಲಗೇಜು ತುಂಬುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಾವ ವಿಮಾನ ಹೋದರೂ, "ಅಮ್ಮಾ, ಅದ್ರಲ್ಲಿ ಅರ್ಧ ಪೆಟ್ಟಿಗೆ ನಾನೇ ತುಂಬಿದ್ದು" ಅನ್ನುತ್ತಿದ್ದ. ಬೆಳಿಗ್ಗೆಯಿಂದ ಮನೆಯಲ್ಲೇ ಬಿದ್ದುಕೊಂಡವನು ಯಾವಾಗ ತುಂಬಿದೆ ಎಂದು ನೀನು ಕೇಳಿದರೆ, ನೆನ್ನೆಯೇ ತುಂಬಿಟ್ಟು ಬಂದೆ ಎನ್ನುತ್ತಿದ್ದ. ನಿನ್ನ ಮಾವ ಅದನ್ನು ನಂಬಿ ಊರಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ನೀನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆ ನಗು ಕೇಳಿದರೆ ಮನೆ ತುಂಬಿದ ಹಾಗಿರುತ್ತಿತ್ತು. ಆಗ ನಾನು ಅದನ್ನು ಹೇಳಲಿಲ್ಲ.

ಅವನು ಹೋದಮೇಲೆ ನಾನು ಮಾಳಿಗೆ ಹತ್ತಿಲ್ಲ. ವಿಮಾನದ ಸದ್ದು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜೂನ್‌ನಲ್ಲಿ ಬಿ.ಪಿ. ತೋರಿಸಲು ದೊಡ್ಡಬಳ್ಳಾಪುರಕ್ಕೆ ಹೋದಾಗ ಜ್ಯೋತಿಲಕ್ಷ್ಮಿ ಎಂಬ ನರ್ಸಮ್ಮ ಮಾತ್ರೆಯ ಜೊತೆಗೆ ಒಂದು ವಿಳಾಸ ಬರೆದುಕೊಟ್ಟರು. ತಿಂಗಳ ಎರಡನೇ ಭಾನುವಾರ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ, ಮನೆಯವರನ್ನು ಕಳೆದುಕೊಂಡ ಹತ್ತು ಹನ್ನೆರಡು ಜನ ಚಾಪೆ ಹಾಕಿಕೊಂಡು ಕೂರುತ್ತಾರೆ. ಆ ನರ್ಸಮ್ಮನೂ ಗಂಡನನ್ನು ಕಳೆದುಕೊಂಡವರು, ಅವರೂ ಬರುತ್ತಾರೆ. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುವಂತಿಲ್ಲ, ಮರೆತುಬಿಡು ಅನ್ನುವಂತಿಲ್ಲ. ಹೇಳಿಕೊಂಡರೆ ಕೇಳಿಸಿಕೊಳ್ಳಬೇಕು, ಅಷ್ಟೆ. ಅಳುವುದಕ್ಕೆ ಬಸ್ ಹತ್ತಿ ಹೋಗಬೇಕೇ ಎಂದು ಮೊದಲು ನನಗೂ ನಗು ಬಂತು. ಪಿಳ್ಳಣ್ಣ ಎಂಬ ಟ್ರ್ಯಾಕ್ಟರ್ ಓಡಿಸುವವರು ಬರುತ್ತಾರೆ. ಪ್ರತಿ ಸಲವೂ ತೀರಿಹೋದ ಹೆಂಡತಿ ಮಾಡುತ್ತಿದ್ದ ಬಸ್ಸಾರಿನ ವಿಷಯ ಮಾತ್ರ ಹೇಳಿ ಸುಮ್ಮನಾಗುತ್ತಾರೆ. ಅದನ್ನು ಕೇಳುತ್ತ ಕೇಳುತ್ತ ನಾನೂ ದೇವೇಂದ್ರನ ಪೆಟ್ಟಿಗೆಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ವರ್ಷದ ಮೇಲೆ ಅವನ ಹೆಸರು ನನ್ನ ಬಾಯಲ್ಲಿ ಅಳುವಿಲ್ಲದೆ ಬಂದಿತ್ತು. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಈ ತಿಂಗಳ ಎರಡನೇ ಭಾನುವಾರ ಮುನಿವೆಂಕಟಮ್ಮ ಎಂಬ ವಯಸ್ಸಾದವರು ಮಾತಾಡಿದರು. ಅಕ್ಕ ತೀರಿಕೊಂಡ ದುಃಖಕ್ಕೆ ಬಂದವರು. ಆದರೆ ಅವರ ಬಾಯಿಂದ ಬಂದದ್ದು ನಲವತ್ತು ವರ್ಷದ ಹಿಂದಿನದು. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದಾಗ ಅತ್ತೆ ಹತ್ತು ಜನರ ಮುಂದೆ, ಇವಳಿಂದಲೇ ನನ್ನ ಮಗ ಹೋದ ಎಂದಿದ್ದಳಂತೆ.

"ಗಂಡನ ನೋವು ಸವೆದೋಯ್ತು ಕಣಮ್ಮ. ಆ ಮಾತು ಮಾತ್ರ ಇನ್ನೂ ಸವೆದಿಲ್ಲ" ಅಂದರು.

ಅದು ನಾನು ನಿನಗೆ ಆಡಿದ ಮಾತೇ, ಅಕ್ಷತಾ. ತಿಥಿಯ ದಿನ ನೆಂಟರೆಲ್ಲ, ಡ್ಯೂಟಿಯಲ್ಲಿದ್ದವನು ಮಧ್ಯಾಹ್ನ ಯಾಕೆ ಬೈಕ್ ಹತ್ತಿ ಬಂದ ಎಂದು ಕೇಳಿದಾಗ, ಇವಳೇ ಫೋನ್ ಮಾಡಿ ಕರೆಸಿದಳು ಎಂದು ನಿನ್ನ ಕಡೆ ಕೈ ತೋರಿಸಿದವಳು ನಾನು. ಫೋನ್ ಮಾಡಿದ್ದು ನಾನು. ಆ ಬೆಳಿಗ್ಗೆ ಒಂದು ತಪ್ಪಲೆ ಸಾರಿನ ಉಪ್ಪಿಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. "ಈಗ್ಲೇ ಬಂದು ನಿನ್ನ ಹೆಂಡ್ತಿಗೆ ಬುದ್ಧಿ ಹೇಳು, ಇಲ್ದಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ" ಅಂದೆ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಅರ್ಧ ದಿನ ರಜೆ ಕೇಳಿ ಹೊರಟವನು ದೇವನಹಳ್ಳಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿದ. ತಿಥಿಯ ದಿನ ನೀನು ಒಂದು ಮಾತು ಆಡಿದ್ದರೆ ಸತ್ಯ ಹೊರಬರುತ್ತಿತ್ತು. ನೀನು ತಲೆ ತಗ್ಗಿಸಿಕೊಂಡು ಕೂತೆ. ಮಗನನ್ನು ಕಳೆದುಕೊಂಡವಳ ಮೇಲೆ ಇದನ್ನೂ ಹೊರಿಸುವುದು ಬೇಡ ಎಂದುಕೊಂಡೆಯೋ ಏನೋ. ಆ ಭಾರ ನೀನೇ ಹೊತ್ತುಕೊಂಡು ತವರಿಗೆ ಹೋದೆ.

ಇದನ್ನೆಲ್ಲ ಅಲ್ಲೇ, ಎಲ್ಲರ ಮುಂದೆ ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ಪಿಳ್ಳಣ್ಣ ನೀರಿನ ಲೋಟ ಮುಂದಕ್ಕೆ ಸರಿಸಿದರು. ಮುನಿವೆಂಕಟಮ್ಮ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹೊರಡುವಾಗ ಜ್ಯೋತಿಲಕ್ಷ್ಮಿ, "ಇಲ್ಲಿ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇದನ್ನ ಕೇಳಬೇಕಾದೋರು ಇಲ್ಲಿಲ್ವಲ್ಲ" ಅಂದರು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಮಾವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ಅತ್ತೆ,
ಕದಿರಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ತಿಥಿಗೆ ಬಂದಿದ್ದ ನಮ್ಮ ನೆಂಟರ ಮನೆಗಳಿಗೆಲ್ಲ ಈ ಎಂಟು ದಿನದಲ್ಲಿ ಹೋಗಿ ನಿಜ ಹೇಳಿ ಬಂದೆ. ನಿನ್ನ ಮಾವನಿಗೂ ಹೇಳಿದೆ, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಉಳಿದಿರುವುದು ನಿಮ್ಮ ಮನೆಯೊಂದೇ. ಬರುವ ಭಾನುವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗಲು ಅಲ್ಲ. ನಿನ್ನಿಂದ ತಪ್ಪಾಗಿಲ್ಲ ಎಂದು ನಿಮ್ಮ ಅಮ್ಮನ ಎದುರು ನಿಂತು ಹೇಳಬೇಕು. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ನೀನು ಒಳಗೇ ಇರು. ನಾನು ಜಗುಲಿಯಲ್ಲೇ ನಿಂತು, ನಿನಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿ ಬರುತ್ತೇನೆ.