ಪರವಾನಗಿ ಇಲ್ಲದ ಮಾತು

ಐವಾನ್-ಎ-ಶಾಹಿ, ಕಲಬುರಗಿ

ಮಗಳೇ ಮದಿಹಾ,

ನಿನ್ನ ಹಳೆಯ ಹೆಡ್‌ಮಾಸ್ತರ ಅಣವೀರಪ್ಪ ಬರೆಯುತ್ತಿದ್ದೇನೆ. ಹರಿದು ಬಿಸಾಕುವ ಮೊದಲು ಇಷ್ಟು ಓದು: ನಿನ್ನ ಮೇಲಿನ ದೂರು ವಾಪಸ್ ತೆಗೆದುಕೊಂಡೆ. ಇವತ್ತು ಬೆಳಿಗ್ಗೆ ಕಮಲಾಪುರ ಠಾಣೆಗೆ ಹೋಗಿ ಸಹಿ ಹಾಕಿ ಬಂದೆ. ಕೇಸು ದಾಖಲಾಗಿಯೇ ಇರಲಿಲ್ಲವಂತೆ. ನಿನ್ನ ಶಿಕ್ಷಕಿ ನೌಕರಿಯ ಪೊಲೀಸ್ ವರದಿಗೆ ಏನೂ ಅಡ್ಡಿಯಿಲ್ಲ ಎಂದು ಠಾಣೆಯವರು ಹೇಳಿದಾಗ ಅವರಿಗೆ ಕೈ ಮುಗಿದು ಬಂದೆ.

ನೀನು ಬರೆದದ್ದರಲ್ಲಿ ಸುಳ್ಳೇನಿತ್ತು? ಕಮಲಾಪುರದ ನಮ್ಮ ವಾಚನಾಲಯಕ್ಕೆ ಬೀಗ ಜಡಿದು, ಅಧ್ಯಕ್ಷನಾದ ನಾನು ಒಳಗೆ ನನ್ನ ತೊಗರಿ ಚೀಲ ಇಟ್ಟಿದ್ದೆ. ಅದನ್ನೇ ನೀನು ಹಾಳೆಯ ಮೇಲೆ ಬರೆದು ವಾಚನಾಲಯದ ಗೋಡೆಗೇ ಅಂಟಿಸಿದೆ. ಊರು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ನಾನೇ ಅಕ್ಷರ ಕಲಿಸಿದ ಹುಡುಗಿ ನನಗೇ ಹೀಗೆ ಮಾಡುವುದೇ! ‘ಪರವಾನಗಿ ಇಲ್ಲದೆ ಬರಹ ಹಚ್ಚಿ ಜನರನ್ನು ಕೆರಳಿಸಿದ್ದಾಳೆ’ ಎಂದು ದೂರು ಗೀಚಿ ಕೊಟ್ಟೆ.

ಅದರ ನಕಲು ನಿನ್ನೆ ನನ್ನ ಹೆಂಡತಿ ಶಿವಕಾಂತಮ್ಮನ ಕೈಗೆ ಸಿಕ್ಕಿತು. “ಏನ್ರೀ ಇದು? ನಿಮ್ಮಪ್ಪನ್ನ ಹಿಡಕೊಂಡು ಹೋದಾಗೂ ‘ಪರವಾನಗಿ ಇಲ್ದ’ ಅಂತಾನೇ ಬರ್ದಿದ್ರಲ್ಲ? ವರ್ಷಾ ವರ್ಷಾ ಭಾಷಣದಾಗ ನೀವೇ ಹೇಳ್ತೀರಿ! ಆ ಹುಡುಗಿಗಿ ಈಗಷ್ಟೇ ನೌಕರಿ ಸಿಕ್ಕೇದ, ಪೊಲೀಸ್ ವರದಿ ಬಾಕಿ ಅದ. ಅದರ ಅನ್ನಕ್ಕ ಕಲ್ಲು ಹಾಕ್ತೀರೇನು?” ಎಂದಳು.

ನಿಜಾಮರ ಕಾಲದಲ್ಲಿ ಸಭೆ ಸೇರಲೂ ಪರವಾನಗಿ ಬೇಕಿತ್ತು. ಮಹಾಗಾಂವದಲ್ಲಿ ಜನರನ್ನು ಕೂಡಿಸಿ ಕನ್ನಡ ಪತ್ರಿಕೆ ಓದಿ ಹೇಳಿದ್ದಕ್ಕೆ ನಮ್ಮಪ್ಪ ದೌಲಪ್ಪ ಮೂರು ತಿಂಗಳು ಜೈಲಿನಲ್ಲಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ, ನಿಜಾಮರಿಂದ ಬಿಡುಗಡೆಯಾದ ವಿಮೋಚನಾ ದಿನದಂದು, ಆ ಕಥೆ ಹೇಳಿ ನಾನು ಶಾಲು ಹೊದೆಸಿಕೊಂಡೆ. ಅಪ್ಪನಿಗೆ ವಾಕ್ ಸ್ವಾತಂತ್ರ್ಯ ಎಂದರೆ ದೊರೆಗೆ ಹೆದರದೆ ಮಾತಾಡುವುದು. ನನಗೆ ಮೈಕು ಹಿಡಿಯುವುದು. ನನ್ನ ಮೈ ಉರಿಸುವ ಮಾತನ್ನು ಸುಮ್ಮನೆ ಕೂತು ಕೇಳಿಸಿಕೊಳ್ಳುವುದೂ ಅದೇ ಎಂದು ನಿನ್ನಿಂದ ಕಲಿತೆ. ಎಪ್ಪತ್ತೈದಕ್ಕೆ ಬುದ್ಧಿ ಬಂತು, ನಗಬೇಡ.

ಮಧ್ಯಾಹ್ನವೇ ಚೀಲಗಳನ್ನು ಟೆಂಪೋಕ್ಕೆ ಹೇರಿಸಿ, ಕೋಣೆ ಗುಡಿಸಿ, ಬಾಗಿಲು ತೆರೆದಿಟ್ಟು ಬಂದೆ. ಅಬ್ಬಾ, ಮನಸ್ಸು ಹಗುರಾಯಿತು! ನಿನ್ನ ಹಾಳೆ ಕಿತ್ತವನು ನಾನೇ, ತಪ್ಪಾಯಿತು. ಮತ್ತೆ ಬರೆದು ಅಲ್ಲೇ ಅಂಟಿಸು. ಒಂದು ತಿದ್ದುಪಡಿ ಮಾತ್ರ ಮಾಡಿಕೋ. ನೀನು ಎಂಟು ಚೀಲ ಎಂದು ಬರೆದಿದ್ದೆ. ಕಿಟಕಿಯಿಂದ ನಿನಗೆ ಕಂಡದ್ದು ಅಷ್ಟೇ. ಕಪಾಟಿನ ಹಿಂದೆ ಇನ್ನೂ ಆರು ಇದ್ದವು.

ನಿನ್ನ ತರಗತಿಯ ಮಕ್ಕಳು ನಿನ್ನ ತಪ್ಪನ್ನೂ ನಿನ್ನೆದುರೇ ಹೇಳುವಂತಾಗಲಿ ಎಂದು ಹರಸುವ,
ನಿನ್ನ ಮಾಸ್ತರ
ಅಣವೀರಪ್ಪ