ಕುರ್ಚಿ ಮೆಟ್ಟಿಲ ಬುಡದಲ್ಲಿದೆ

ಅಕ್ಕಾ,

ನೀನು ಏಳುವ ಹೊತ್ತಿಗೆ ನಾನು ಮತಗಟ್ಟೆಯಲ್ಲಿ ಸ್ವಯಂಸೇವಕಿಯ ಕೆಲಸದಲ್ಲಿರುತ್ತೇನೆ. ನಿನ್ನ ಗಾಲಿಕುರ್ಚಿಯನ್ನೂ ತೆಗೆದುಕೊಂಡು ಹೋಗಿದ್ದೇನೆ. ನಡೆಯಲಾಗದವರಿಗೆಂದು ಚುನಾವಣಾ ಕಚೇರಿಯವರು ಅಲ್ಲಿಗೆ ಕಳಿಸಿದ ಕುರ್ಚಿಯ ಒಂದು ಚಕ್ರ ತಿರುಗುವುದೇ ಇಲ್ಲ. "ಲಿಫ್ಟ್ ಕೆಟ್ಟು ಕೂತಿದೆ, ನಾನಂತೂ ಇಳಿಯಲ್ಲ. ನನ್ನ ಕುರ್ಚಿಯಾದ್ರೂ ಹೋಗಿ ವೋಟು ಹಾಕಿ ಬರ್ಲಿ" ಅಂತ ನಿನ್ನೆ ನೀನೇ ಅಂದೆ. ತಮಾಷೆಗೆ ಅಂದೆ, ಗೊತ್ತು. ಬೈದುಕೊ.

ಕಾಫಿ ಫ್ಲಾಸ್ಕಿನಲ್ಲಿದೆ, ಫೋನು ದಿಂಬಿನ ಪಕ್ಕದಲ್ಲಿದೆ. ಬಾಗಿಲಿಗೆ ಬೀಗ ಹಾಕಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದರೆ ಎದುರುಮನೆ ಆಂಟಿಯನ್ನು ಕರೆ. ಸಂಕೋಚಪಟ್ಟುಕೊಂಡು ತೆವಳಬೇಡ.

ಮತಗಟ್ಟೆಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಕಟ್ಟಿಸಿ ಎಂದು ಕಚೇರಿಯವರ ಬೆನ್ನು ಬಿದ್ದವಳು ನೀನು. ಈಗ ಕಟ್ಟಿದ್ದಾರೆ. ಇಡೀ ಬೀದಿಯವರನ್ನು ನಾನು ಅದರ ಮೇಲೆ ತಳ್ಳಿಕೊಂಡು ಹೋಗಬೇಕು, ನೀನು ಮಾತ್ರ ಮಂಚದಲ್ಲಿ ಚಾವಣಿ ನೋಡುತ್ತ ಬಿದ್ದಿರಬೇಕು.

ಊಟವಾದ ಮೇಲೆ ಮಾವ ಮತ್ತು ಇಸ್ತ್ರಿಯವನು ಬಂದು, ನಿನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುತ್ತಾರೆ. "ಮೂಟೆ ಥರ ಹೊರ್ತಾರೆ" ಎಂದು ಮುಖ ಊದಿಸಬೇಡ. ಹೋದ ಸಲ ಮೆಟ್ಟಿಲ ಮೇಲೆ ನಿಂತು ಜನ ನಕ್ಕಿದ್ದನ್ನು ನಾನೂ ಮರೆತಿಲ್ಲ. ಆದರೂ ಇಳಿ. ಮತಗಟ್ಟೆಯವರೆಗೆ ತಳ್ಳುವವಳು ನಾನೇ. ಒಳಗೆ ಯಾರಿಗೆ ಒತ್ತುತ್ತೀಯೋ ನಿನಗೇ ಬಿಟ್ಟದ್ದು, ಆಗ ನಾನು ಗೋಡೆ ಕಡೆ ತಿರುಗಿ ನಿಲ್ಲುತ್ತೇನೆ.

ನೀನು ಇಳಿಯುವ ಹೊತ್ತಿಗೆ ನಿನ್ನ ಕುರ್ಚಿಯನ್ನು ಮೆಟ್ಟಿಲ ಬುಡಕ್ಕೆ ತಂದಿಟ್ಟಿರುತ್ತೇನೆ. ಮೇಲಕ್ಕೆ ಮಾತ್ರ ತರುವುದಿಲ್ಲ. ಬೇಕಿದ್ದರೆ ನೀನೇ ಕೆಳಗೆ ಬಾ.