ಒಂದು ಡಬ್ಬ ಎಣ್ಣೆ ಹೆಚ್ಚಿಗೆ

ಭಾನುವಾರ, ಮಧ್ಯಾಹ್ನ
ಫೀಡ್ ರೂಮಿನಿಂದ

ನನ್ನ ಮೆಣಸಿನಕಾಯಿಗೆ,

ಅಮ್ಮನ ಪ್ರೀತಿ. ಹೊಟ್ಟೆಯೊಳಗಿರೋ ಪುಟ್ಟ ಮೆಣಸಿನಕಾಯಿಗೂ ಒಂದು ಮುತ್ತು. ನೀನು ಕೇಳಿದ್ದು ಒಂದೇ ಮಾತು, ಹೆರಿಗೆಗೆ ಬರ್ತೀಯೋ ಇಲ್ವೋ ಅಂತ. ಅದಕ್ಕೆ ಉತ್ತರ ಬರೆಯೋಕೆ ಮೂಟೆ ಮೇಲೆ ಕೂತು ಆಗಲೇ ಎರಡು ಹಾಳೆ ಹರಿದು ಹಾಕಿದ್ದೀನಿ. ಫೋನು ಮಾಡಬಾರದಿತ್ತಾ ಅಂತೀಯ. ನನ್ನದು ಕೆಟ್ಟ ಮೇಲೆ ಮನೇಲಿರೋದು ನಿಮ್ಮಪ್ಪನ ಫೋನೊಂದೇ, ಅದು ಅವರ ಜೇಬು ಬಿಟ್ಟು ಇಳಿಯೋಲ್ಲ. ನೀನು ಆ ವೈರಿಂಗ್ ಹುಡುಗನ ಕೈ ಹಿಡಿದಾಗಿನಿಂದ ನಿನ್ನ ಹೆಸರೆತ್ತಿದರೆ ಸಾಕು, ಎದ್ದು ಕೋಳಿ ಷೆಡ್ಡಿಗೆ ಹೋಗ್ತಾರೆ. ಹಾಗಂತ ಹೋಗಬೇಡ ಅಂತ ನನಗೆ ಯಾವತ್ತೂ ಅಂದವರಲ್ಲ. ಬ್ಯಾಚ್ ಮುಗಿಯಲಿ, ಆಮೇಲೆ ಹೋಗು ಅಂತಾರೆ, ಅಷ್ಟೇ.

ಬ್ಯಾಚ್ ಮುಗಿಯೋದು ಅಂದರೆ ಮೊದಲು ಎಷ್ಟು ಚೆನ್ನಾಗಿತ್ತು! ಕೋಳಿಗಳು ಲಾರಿ ಹತ್ತಿದ ಮೇಲೆ ಷೆಡ್ ತೊಳೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಡ್ತಿದ್ದೆವು. ಆಗಲೇ ತಾನೇ ನಾನು ನಿನ್ನ ಹಾಸ್ಟೆಲ್ಲಿಗೆ ಬಂದು, ಬಟ್ಟೆಯೆಲ್ಲ ಒಗೆದು, ಬೈದು ಹೋಗ್ತಿದ್ದದ್ದು. ಆಮೇಲೆ ಕೋಳಿ ಡಾಕ್ಟರು ಫೀಡಿಗೆ ಎಣ್ಣೆ ಬೆರೆಸಿ ಅಂದರು. ಸುಳ್ಳು ಹೇಳಬಾರದು, ಒಳ್ಳೇದೇ ಆಯ್ತು. ಧೂಳು ಅಡಗಿತು, ನನ್ನ ಕೆಮ್ಮು ಹೋಯ್ತು. ಸೆಕೆಗೆ ಮೇವು ಮುಟ್ಟದೆ ಬಾಯಿ ತೆರಕೊಂಡು ಕೂರ್ತಿದ್ದ ಕೋಳಿಗಳು ಕಮ್ಮಿ ತಿಂದರೂ ಮೈ ತುಂಬಿಕೊಂಡವು. ಐದಾರು ದಿನ ಮೊದಲೇ ತೂಕಕ್ಕೆ ಬಂದವು. ನಾನು ಪೆದ್ದಿ, ಆ ಐದಾರು ದಿನ ನನಗೇ ಸಿಗುತ್ತೆ ಅಂದ್ಕೊಂಡೆ. ಸಿಕ್ಕಿದ್ದು ಚಿಪ್ಪು! ಬ್ಯಾಚ್ ಬೇಗ ಮುಗಿದಷ್ಟೂ ಮುಂದಿನ ಮರಿಗಳು ಬೇಗ ಬಂದವು. ಎರಡು ವಾರದ ಬಿಡುವು ಒಂದಾಯ್ತು, ಆಮೇಲೆ ಬರೀ ಮೂರು ದಿನ. ನಿನ್ನ ಮದುವೆ ಆದಮೇಲೆ ನಿನ್ನ ಮುಖ ನೋಡಿಲ್ಲ ನಾನು.

ಈಗ ಕೇಳು, ಸಿಟ್ಟಾಗಬೇಡ. ಈ ಬ್ಯಾಚ್ ಎತ್ತೋ ದಿನವೂ ನಿನ್ನ ಡಾಕ್ಟರಮ್ಮ ಕೊಟ್ಟ ದಿನವೂ ಹೆಚ್ಚು ಕಡಿಮೆ ಒಂದೇ. ನಾಲ್ಕು ದಿನ ಮುಂಚೆ ತೂಕಕ್ಕೆ ಬಂದುಬಿಟ್ಟರೆ ನಾನು ನಿನ್ನ ಹತ್ತಿರ ಇರಬಹುದಲ್ಲ! ಫೀಡು ಕಲಸೋದು ಹೇಗೂ ನಾನೇ. ಒಂದು ಡಬ್ಬ ಎಣ್ಣೆಯೇ ಇಷ್ಟು ಮಾಡಿದರೆ ಎರಡು ಡಬ್ಬ ಇನ್ನೆಷ್ಟು ಮಾಡೀತು ಅಂತ, ಯಾರಿಗೂ ಹೇಳದೆ ದಿನಾ ಒಂದು ಡಬ್ಬ ಹೆಚ್ಚಿಗೆ ಸುರಿದೆ. ಸುರಿಯೋವಾಗ ಎಷ್ಟು ಖುಷಿಯಾಗ್ತಿತ್ತು ಗೊತ್ತಾ? ಪ್ರತಿ ಡಬ್ಬಕ್ಕೂ ನಿನ್ನ ಮನೆ ಒಂದು ಮೈಲಿ ಹತ್ತಿರ ಬಂದ ಹಾಗೆ.

ಅತಿಯಾದರೆ ಅಮೃತವೂ ವಿಷ ಅಂತ ನಿನಗೆ ಸಾವಿರ ಸಲ ಹೇಳಿದವಳು ನಾನೇ. ಫೀಡು ಮುದ್ದೆಗಟ್ಟಿ, ಈ ಸೆಕೆಗೆ ಕಮಟು ವಾಸನೆ ಹಿಡೀತು. ಕೋಳಿಗಳು ನಾಲ್ಕು ಸಲ ಕುಕ್ಕಿ, ಸಾಕಪ್ಪಾ ಸಾಕು ಅಂತ ಕೂತುಬಿಡೋವು. ಹಿಕ್ಕೆ ತೆಳ್ಳಗಾಗಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟೆಲ್ಲ ಜಿಡ್ಡೋ ಜಿಡ್ಡು. ಡಾಕ್ಟರು ಬಂದು ಸತ್ತ ಕೋಳಿಯೊಂದನ್ನು ಕುಯ್ದು ತೋರಿಸಿದರು. ಹೊಟ್ಟೆ ತುಂಬ ಹಳದಿ ಕೊಬ್ಬು, ಎದೆಯಲ್ಲಿ ಮಾಂಸವೇ ಇಲ್ಲ. ಎಣ್ಣೆ ಜಾಸ್ತಿಯಾದರೆ ಹಸಿವು ಬೇಗ ತೀರುತ್ತೆ, ಮೈ ಬೆಳೆಸೋ ಹಿಂಡಿ ಸಾಕಷ್ಟು ಒಳಗೆ ಹೋಗಲ್ಲ, ಇನ್ನು ಮಾಂಸ ಎಲ್ಲಿಂದ ಬರಬೇಕು ಅಂದರು. ಮಾಮೂಲಿಗಿಂತ ಹತ್ತು ದಿನ ಜಾಸ್ತಿ ಸಾಕಬೇಕಂತೆ. ನಿಮ್ಮಪ್ಪ ಎಣ್ಣೆ ಅಂಗಡಿಯವನ ಏಳು ತಲೆಮಾರನ್ನೂ ಬೈದರು. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ. ಒದ್ದೆ ಹೊಟ್ಟು ದಿನಾ ತಿರುವಿ ಹಾಕಬೇಕು, ನಿಲ್ಲಲಾರದ ಕೋಳಿಗಳನ್ನು ಎತ್ತಿ ನೀರಿನ ಹತ್ತಿರ ಇಡಬೇಕು. ಅವು ನನ್ನನ್ನೇ ನೋಡ್ತವೆ. ನನ್ನ ಆತುರಕ್ಕೆ ಆ ಮೂಕ ಪ್ರಾಣಿಗಳು ಏನು ಪಾಪ ಮಾಡಿದ್ದವು? ಇವನ್ನು ಈ ಸ್ಥಿತಿಗೆ ತಂದಿಟ್ಟು ಹೇಗೆ ಎದ್ದು ಬರಲಿ?

ಅದಕ್ಕೇ, ಬರೋಕೆ ಆಗಲ್ಲ. ನನ್ನನ್ನು ಕಾಯಬೇಡ. ನೋವು ಶುರುವಾದರೆ ಜೋರಾಗಿ ಕಿರುಚು, ಯಾರಿಗೂ ನಾಚಿಕೋಬೇಡ. ನಿಮ್ಮತ್ತೆಯ ಕೈ ಹಿಡ್ಕೊ. ಅವರು ಬಲು ಒಳ್ಳೆಯವರು ಅಂತ ಬರೆದಿದ್ದೀಯಲ್ಲ, ಓದಿ ಸಮಾಧಾನವಾಯ್ತು. ಸ್ವಲ್ಪ ಹೊಟ್ಟೆಯೂ ಉರೀತು.

ಷೆಡ್ಡು ಬಿಟ್ಟು ಅಲ್ಲಾಡಲಾರದ
ನಿನ್ನ ಅಮ್ಮ

ತಾ.ಕ.: ಕಾಗದ ಅಂಚೆಗೆ ಹಾಕಪ್ಪ ಅಂತ ಮೆಕ್ಕೆಜೋಳ ಇಳಿಸೋಕೆ ಬಂದ ಲಾರಿ ಡ್ರೈವರಿಗೆ ಕೊಡೋಕೆ ಹೋದೆ. ನಮಗೆ ಮರಿ ತಂದು ಇಳಿಸೋನೂ ಅವನೇ, ಮುಂದಿನ ಮರಿಗಳ ಮಾತು ತೆಗೆದ. ಈ ಕೋಳಿ ಎತ್ತಿದ ದಿನ ಸಂಜೆಯೇ ಮರಿ ಇಳಿಸಬೇಕು, ಎಷ್ಟು ಮುಂಚೆ ಎತ್ತಿದರೂ ಸರಿ, ಷೆಡ್ ಒಂದು ದಿನವೂ ಖಾಲಿ ಇರಕೂಡದು ಅಂತ ನಿಮ್ಮಪ್ಪ ಹೋದ ತಿಂಗಳೇ ಹೇಳಿಟ್ಟಿದ್ದಾರಂತೆ. ಷೆಡ್ ಒಣಗಲಿ ಸ್ವಾಮಿ ಅಂತ ಮರಿ ಕಳಿಸೋರೇ ಅಂದರೂ ಕೇಳಲಿಲ್ಲವಂತೆ. ಅಂದರೆ ಎಣ್ಣೆ ಕೆಲಸ ಮಾಡಿದ್ದರೂ ನನಗೆ ಬಿಡುವು ಸಿಗ್ತಿರಲಿಲ್ಲ. ಅಳು ಬರಲಿಲ್ಲ ಕಣೇ, ಮೈಯೆಲ್ಲ ಉರೀತು. ನೇರ ಷೆಡ್ಡಿಗೆ ಹೋಗಿ, ಎಣ್ಣೆ ಹೆಚ್ಚು ಸುರಿದವಳು ನಾನೇ, ಅಂಗಡಿಯವನನ್ನು ಬೈಬೇಡಿ, ಇನ್ಮೇಲೆ ಒಂದೇ ಡಬ್ಬ ಹಾಕಿ, ಹೊಟ್ಟು ದಿನಾ ತಿರುವಿ ಅಂದೆ. ಅವರು ಏನೋ ಅಂದರು. ಫ್ಯಾನುಗಳ ಸದ್ದಲ್ಲಿ ಕೇಳಿಸಲಿಲ್ಲ, ಕೇಳಿಸಿಕೊಳ್ಳೋಕೆ ನಾನೂ ನಿಲ್ಲಲಿಲ್ಲ.

ತಾ.ಕ.ದಲ್ಲಿ ಅಕ್ಷರ ಅಂಕುಡೊಂಕಾಗಿದ್ದರೆ ನಗಬೇಡ. ನಿನ್ನೂರಿನ ರಸ್ತೆ ತುಂಬ ಗುಂಡಿ, ಲಾರಿ ಬಲು ಕುಲುಕುತ್ತೆ.